ಮೂರು ಕಣ್ಣು, ನಾಲ್ಕು ಕಣ್ಣು

"ಅತ್ಯಾರ, ಮುಖ ಸ್ವಲ್ಪ ಬಾಗಲದ ಕಡೆ ತಿರಗಸ್ರಿ," ಎಂದಳು ಭುವನೇಶ್ವರಿ.

"ಬಾಗಲದ ಕಡೆ ಬ್ಯಾಡ್ರಿ, ಬೆಳಕು ಇತ್ತಾಗ ಅದ. ನನ್ನ ಕಡೆ ನೋಡ್ರಿ," ಎಂದಳು ಸೋನಾಲಿ.

ಪುಣೆಯ ನಿಗಡಿಯ ಆ ಮನೆಯ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದ ನಾಗವ್ವ ಇಬ್ಬರು ಸೊಸೆಯಂದಿರನ್ನೂ ಒಮ್ಮೆ ನೋಡಿದಳು. ಹಿರಿಯಳ ಕೈಯಲ್ಲಿ ನಾಲ್ಕು ಕ್ಯಾಮೆರಾ ಕಣ್ಣಿನ ಫೋನು, ಕಿರಿಯಳ ಕೈಯಲ್ಲಿ ಮೂರು ಕಣ್ಣಿನದು. "ಏಳು ಕಣ್ಣು ಕೂಡಿ ನನ್ನ ನೋಡಾಕ ಹತ್ಯಾವ. ದೃಷ್ಟಿ ಆಗತದ, ಲಗೂನ ಮುಗಸ್ರಿ," ಎಂದು ಯಾರ ಕಡೆಯೂ ತಿರುಗದೆ ನೆಟ್ಟಗೆ ಕುಳಿತಳು.

ಎರಡೂ ಬೇರೆ ಬೇರೆ ಕಂಪನಿಯ, ಆ ವರ್ಷದ ಅತಿ ದುಬಾರಿ ಫೋನುಗಳು. ಆ ಕಂಪನಿಯವರಿಗೆ ಈ ಕಂಪನಿಯವರನ್ನು ಕಂಡರೆ ಆಗದು. ಜಾಹೀರಾತಿನಲ್ಲಿ ಒಬ್ಬರ ಕಾಲು ಒಬ್ಬರು ಎಳೆಯುತ್ತಲೇ ಇರುತ್ತಾರೆ. ಈ ನೆಗೆಣ್ಣಿಯರು ಅಷ್ಟು ಬಹಿರಂಗವಾಗಿ ಎಳೆಯುತ್ತಿರಲಿಲ್ಲ, ಅಷ್ಟೇ.

ಫೋಟೋ ಬೇಕೆಂದು ಹಟ ಹಿಡಿದವಳು ನಾಗವ್ವನೇ. ಹೋದ ತಿಂಗಳು ಇಂಡಿ ಊರಿನಲ್ಲಿ ಅವಳ ತಂಗಿ ಸಾಬವ್ವ ತೀರಿಕೊಂಡಿದ್ದಳು. ಗೋಡೆಗೆ ಹಾಕಲು ಅವಳದೊಂದು ನೆಟ್ಟಗಿನ ಫೋಟೋ ಇಡೀ ಮನೆಯಲ್ಲಿ ಸಿಗಲಿಲ್ಲ. ಮಕ್ಕಳು ಯಾರದೋ ಮದುವೆಯ ಗುಂಪಿನ ಫೋಟೋದಿಂದ ಅವಳ ಮುಖ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಸಾಬವ್ವನ ಹೆಗಲ ಮೇಲೆ ಯಾವಳದೋ ಬಳೆ ತೊಟ್ಟ ಕೈ ಹಾಗೇ ಉಳಿದುಬಿಟ್ಟಿತ್ತು. ಮಾತಾಡಿಸಲು ಹೋದವರೆಲ್ಲ ಅಳುವುದನ್ನು ಬಿಟ್ಟು ಆ ಕೈ ಯಾರದೆಂದು ವಿಚಾರಿಸತೊಡಗಿದ್ದರಂತೆ. ಪುಣೆಗೆ ಮರಳಿದ ಕೂಡಲೆ ನಾಗವ್ವ ಹೇಳಿಬಿಟ್ಟಳು: "ನನ್ನ ಹೆಗಲ ಮ್ಯಾಲ ಯಾರ ಕೈನೂ ಬ್ಯಾಡ. ಜೀವಂತ ಇರತನಾನ ನಂದೊಂದು ಫೋಟೋ ತಗದು ನಿಮ್ಮಪ್ಪನ ಬಾಜೂಕ ಹಾಕ್ರಿ. ನಾ ಕಣ್ಲೆ ನೋಡಬೇಕು."

ಯಾರು ತೆಗೆದ ಫೋಟೋ ಗೋಡೆ ಏರುತ್ತದೆಯೋ ಅವಳೇ ಈ ಮನೆಯ ಸೊಸೆ. ಹಾಗೆಂದು ಯಾರೂ ಅನ್ನಲಿಲ್ಲ. ಭುವನೇಶ್ವರಿಯ ಮನಸ್ಸಿನಲ್ಲಿ ಮಾತ್ರ ಅದು ಅಂದಿನಿಂದಲೇ ಬರೆದಿಟ್ಟ ಹಾಗಿತ್ತು.

ಅವಳ ಹೊಟ್ಟೆಯುರಿ ಹಳೆಯದು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅತ್ತೆಯ ಸ್ನಾನ, ಗುಳಿಗೆ, ಮೊಣಕಾಲಿನ ಎಣ್ಣೆ ಎಲ್ಲ ಅವಳದೇ. ಸೋನಾಲಿ ಮೈದುನ ಪ್ರೇಮಕುಮಾರನ ಹೆಂಡತಿ, ಇರುವುದು ಪುಣೆಯ ಇನ್ನೊಂದು ತುದಿಯ ಕೊಂಢವಾದಲ್ಲಿ. ತಿಂಗಳಿಗೊಮ್ಮೆ ಮಾವಿನ ಬರ್ಫಿ ಹಿಡಿದು ಬರುತ್ತಾಳೆ, ನಾಗವ್ವನ ಕೊರಳಿಗೆ ಕೈ ಹಾಕಿ ಸೆಲ್ಫಿ ತೆಗೆಯುತ್ತಾಳೆ, ಸಂಜೆ ಹೋಗಿಬಿಡುತ್ತಾಳೆ. ಆಮೇಲೆ ವಾರವೆಲ್ಲ ಅತ್ತೆಯ ಬಾಯಲ್ಲಿ ಸೋನಾಲಿ ಹಾಗಂದಳು, ಸೋನಾಲಿ ಹೀಗಂದಳು. ದಿನಾ ಕೈಗೆ ಸಿಗುವ ಸೊಸೆಗೆ ಮಾತ್ರ "ಚಹಾಕ್ಕ ಸಕ್ರಿ ಕಡಿಮಿ ಆಗೇದ." ಅಲ್ಲ, ಯಾರಿಗಾದರೂ ಮೈ ಉರಿಯುವುದಿಲ್ಲವೇ?

ಜೇಜುರಿಯಲ್ಲಿ ಅದು ಮಿತಿಮೀರಿತು. ಮನೆದೇವರೆಂದು ಎಲ್ಲರೂ ಕೂಡಿ ಹೋಗಿದ್ದರು. ಗುಡಿಯ ಅಂಗಳದಲ್ಲಿ ಜನ ಭಂಡಾರ ಎರಚುವಾಗ ಸೋನಾಲಿಯ ಮೂರು ಕಣ್ಣಿನ ಫೋನು ಗಾಳಿಯಲ್ಲಿ ತೇಲುತ್ತಿದ್ದ ಅರಿಶಿನವನ್ನು ಕಾಳು ಕಾಳಾಗಿ ಹಿಡಿಯಿತು. ನಡುವೆ ನಾಗವ್ವ ಮುಗಿಲಿಗೆ ಕೈಯೆತ್ತಿ ನಿಂತಿದ್ದಳು. ಭುವನೇಶ್ವರಿಯ ಹಳೆಯ ಫೋನಿನಲ್ಲಿ ಬಂದದ್ದು ಬರೀ ಹಳದಿ ಹೊಗೆ. "ದೇವರು ಕಂಡಂಗ ಕಂಡೀನಿ ನೋಡು," ಎಂದು ಅತ್ತೆ ಸೋನಾಲಿಯ ಗಲ್ಲ ಹಿಡಿದು ಮುತ್ತು ಕೊಟ್ಟದ್ದನ್ನು ಭುವನೇಶ್ವರಿ ಕಣ್ಣಾರೆ ಕಂಡಳು. ಆ ರಾತ್ರಿ ಊಟಕ್ಕೆ ಕುಳಿತಾಗ ಗಂಡ ಅಪ್ಪಾಸಾಹೇಬನಿಗೆ, "ಅಕಿ ಫೋನಿಗಿಂತ ದೊಡ್ಡದು ಬೇಕು," ಎಂದಳು. ಏನೂ ಕೇಳದ ಹೆಂಡತಿ ಕೇಳಿದಳಲ್ಲ ಎಂದು ಅವನೂ ತಂದುಕೊಟ್ಟ. ಮೂರಕ್ಕಿಂತ ನಾಲ್ಕು ಹೆಚ್ಚು, ಅದೊಂದು ಲೆಕ್ಕ ಅವಳಿಗೆ ಸಾಕಿತ್ತು.

ಫೋಟೋ ತೆಗೆದಾದ ಮೇಲೆ ಎರಡು ಫೋನುಗಳನ್ನೂ ನಾಗವ್ವನ ಮಡಿಲಲ್ಲಿ ಪಕ್ಕಪಕ್ಕ ಇಟ್ಟರು. ಅಣ್ಣತಮ್ಮಂದಿರು ಹಿಂದಿನಿಂದ ಬಗ್ಗಿ ನೋಡಿದರು.

ಮೊದಲು ಸುತ್ತಮುತ್ತಲಿನದೇ ಹೋಲಿಕೆ ನಡೆಯಿತು. ನಾಲ್ಕು ಕಣ್ಣಿನದರಲ್ಲಿ ಹಿಂದಿನ ತುಳಸಿಯ ಎಲೆ, ಒಣಹಾಕಿದ ಟವೆಲಿನ ದಾರ, ಎದುರಿನ ಕಟ್ಟಡದ ಮೇಲಿನ ನೀರಿನ ಟಾಕಿಯ ಹೆಸರು ಕೂಡ ಓದಲು ಬರುತ್ತಿತ್ತು. "ಏ, ಇದರ ಝೂಮ್ ನೋಡೋ," ಎಂದ ಅಪ್ಪಾಸಾಹೇಬ. ಭುವನೇಶ್ವರಿಯ ಎದೆಯುಬ್ಬಿತು. ಆದರೆ ಪ್ರೇಮಕುಮಾರ ಟಾಕಿಯನ್ನು ಬಿಟ್ಟು ತಾಯಿಯ ಮುಖಕ್ಕೆ ಬಂದ. ಅಲ್ಲಿ ಒಂದೊಂದು ಸುಕ್ಕೂ ಉತ್ತ ಹೊಲದ ಸಾಲಿನಂತೆ ಎದ್ದು ಕಾಣುತ್ತಿತ್ತು. ಕಣ್ಣ ಕೆಳಗಿನ ಕಪ್ಪು, ಮೂಗಿನ ಮೇಲಿನ ಕಲೆ, ಒಡೆದ ತುಟಿ, ಯಾವುದನ್ನೂ ಆ ಫೋನು ಬಿಟ್ಟಿರಲಿಲ್ಲ.

"ವೈನಿ, ಅವ್ವ ಭಾಳ ಮುದುಕಿ ಕಾಣತಾಳಲ್ರಿ ಇದರಾಗ," ಎಂದ ಅವನು ಅತ್ತಿಗೆಗೆ.

ಸೋನಾಲಿಯ ಫೋನಿನಲ್ಲಿ ಹಿಂದಿನದೆಲ್ಲ ಮಸುಕಾಗಿ ನಾಗವ್ವನ ಮುಖವೊಂದೇ ಬೆಳಗುತ್ತಿತ್ತು. ಚರ್ಮ ತಿಳಿಯಾಗಿತ್ತು, ಬಿಳಿ ಕೂದಲಿಗೆ ಹೊಳಪು ಬಂದಿತ್ತು. "ಇದ ಖರೆ ಫೋಟೋ," ಎಂದ ಅಪ್ಪಾಸಾಹೇಬನೂ. ಕಟ್ಟಿಕೊಂಡ ಗಂಡನೇ ಆ ಕಡೆ ವಾಲಿದ. ನಾಗವ್ವ ಕಣ್ಣು ಕಿರಿದು ಮಾಡಿ, "ನನಗ ಇಷ್ಟ ಸಣ್ಣದರಾಗ ಏನೂ ಕಾಣಂಗಿಲ್ಲ. ನಿಮಗ್ಯಾವ್ದು ಛಲೋ ಅನಸತದ ಅದ ಇರ್ಲಿ," ಎಂದಳು.

ಭುವನೇಶ್ವರಿ ತಪ್ಪು ಹುಡುಕಲೆಂದೇ ಆ ಮೂರು ಕಣ್ಣಿನ ಫೋಟೋದ ಮೇಲೆ ಬಗ್ಗಿದಳು. ಹುಡುಕುವುದು ಬೇಕಾಗಲಿಲ್ಲ. ಗದ್ದ ಬೋಳಾಗಿತ್ತು.

ನಾಗವ್ವನ ಗದ್ದದ ಮೇಲೆ ಮೂರು ಹಸಿರು ಹಚ್ಚೆಬೊಟ್ಟುಗಳಿದ್ದವು. ಎರಡು ಒಂದರ ಕೆಳಗೊಂದು ನೇರವಾಗಿ, ಮೂರನೆಯದು ತುಸು ತುಟಿಯ ಕಡೆಗೆ ಜಾರಿದ್ದು. ಹುಡುಗಿಯಾಗಿದ್ದಾಗ ಸೂಜಿಗೆ ಹೆದರಿ ಮುಖ ಕೊಡವಿದ್ದಳಂತೆ. ಮುಖಕ್ಕೆ ಎಣ್ಣೆ ಹಚ್ಚುವಾಗಲೆಲ್ಲ ಭುವನೇಶ್ವರಿ ಆ ಕತೆ ಕೇಳಿದ್ದಳು. ಕೊನೆಯಲ್ಲಿ ನಾಗವ್ವ ಪ್ರತಿ ಸಲವೂ ಒಂದೇ ಮಾತು ಹೇಳುವಳು: "ಅವರು ಹೋದಾಗ ಕುಂಕುಮ ಅಳಿಸಿದ್ರು, ಬಳಿ ತಗದ್ರು. ಇದನ್ನ ಮಾತ್ರ ಯಾರಿಗೂ ತಗ್ಯಾಕ ಬರಲಿಲ್ಲ. ಇದು ನನ್ನ ಕೂಡ ಬರೂದು." ಸೋನಾಲಿ ತನ್ನ ಸೆಲ್ಫಿಗಾಗಿ ಮುಖ ನುಣುಪು ಮಾಡುವ ಫಿಲ್ಟರನ್ನು ಫೋನಿನಲ್ಲಿ ಯಾವಾಗಲೂ ಹಾಕಿಯೇ ಇಟ್ಟಿರುತ್ತಿದ್ದಳು. ಫೋನಿಗೇನು ಗೊತ್ತು, ಮೊಡವೆ ಕಲೆ ಒರೆಸಿದ ಹಾಗೆ ಅದನ್ನೂ ಒರೆಸಿಹಾಕಿತ್ತು.

ಹೇಳಬೇಕೆಂದು ಭುವನೇಶ್ವರಿ ಬಾಯಿ ತೆರೆದಳು. ಅಷ್ಟರಲ್ಲಿ ಸೋನಾಲಿ ನಗುತ್ತ ಅವಳ ಭುಜ ತಟ್ಟಿದಳು. "ಅಕ್ಕಾ, ಮನಸಿಗೆ ಹಚ್ಕೋಬ್ಯಾಡ್ರಿ. ನಿಮ್ಮ ಫೋನ್ ಆಧಾರ್ ಕಾರ್ಡ್, ಲೈಟ್ ಬಿಲ್ಲು, ಇಂಥಾದ್ರ ಫೋಟೋ ತಗ್ಯಾಕ ಏಕದಮ್ ಮಸ್ತ್ ಅದ."

ಎಲ್ಲರೂ ನಕ್ಕರು. ನಾಗವ್ವ ಕೂಡ.

ತೆರೆದ ಬಾಯನ್ನು ಭುವನೇಶ್ವರಿ ಮುಚ್ಚಿಕೊಂಡಳು. ತಗೋ, ದೊಡ್ಡದೇ ಮಾಡಿಸು, ಚೌಕಟ್ಟು ಹಾಕಿಸು, ಎಲ್ಲರೆದುರು ತಂದು ಬಿಚ್ಚು. ಮುದುಕಿಯೇ ನಿನ್ನ ಮುಖಕ್ಕೆ ಮಂಗಳಾರತಿ ಎತ್ತಲಿ. ಒಳಗೆ ಹೋಗಿ ಅವಲಕ್ಕಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯುವಾಗ ತನ್ನ ಫೋನಿನಲ್ಲಿದ್ದ ಅತ್ತೆಯ ಫೋಟೋಗಳನ್ನೆಲ್ಲ ಒಂದೂ ಉಳಿಸದೆ ಅಳಿಸಿದಳು. ಸೋತ ಫೋಟೋ ಇಟ್ಟುಕೊಂಡು ಏನು ಮಾಡುವುದು?

ಮುಂದಿನ ದಿನಗಳಲ್ಲಿ ಅವಳಿಗೆ ಬೇಡವೆಂದರೂ ಆ ಗದ್ದವೇ ಕಣ್ಣಿಗೆ ಬೀಳುತ್ತಿತ್ತು. ಮುಂಜಾನೆ ಎಣ್ಣೆ ಹಚ್ಚುವಾಗ ಹೆಬ್ಬೆರಳು ತಾನಾಗಿಯೇ ಆ ಬೊಟ್ಟುಗಳ ಮೇಲೆ ನಿಲ್ಲುತ್ತಿತ್ತು. "ಯಾಕ, ಏನರೆ ಹತ್ತೇದೇನು?" ಎಂದು ಅತ್ತೆ ಕೇಳಿದರೆ, "ಏನಿಲ್ರಿ," ಎನ್ನುವಳು. ಒಮ್ಮೆ ಸೋನಾಲಿಯ ನಂಬರು ಒತ್ತಿ, ಅತ್ತ ಕಡೆ ರಿಂಗಾಗುವ ಮೊದಲೇ ಕಟ್ ಮಾಡಿದಳು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುವುದಿತ್ತು. ಅದಕ್ಕಿಂತ ಹೆಚ್ಚಾಗಿ, ಸೋನಾಲಿಯ ಮುಖ ಬಾಡುವುದನ್ನು ನೋಡಬೇಕೆಂಬ ಆಸೆ ಅವಳನ್ನು ಬಿಡಲಿಲ್ಲ.

ರವಿವಾರ ಸೋನಾಲಿ, ಪ್ರೇಮಕುಮಾರ ಇಬ್ಬರೂ ಕೂಡಿ ಹಳೆಯ ಚಾದರಿನಲ್ಲಿ ಸುತ್ತಿದ ಫೋಟೋ ತಂದರು. ಅಗಲವಾದ ಕರಿ ಚೌಕಟ್ಟು, ದಪ್ಪ ಗಾಜು. ಗಾಜಿಗೂ ಚಿತ್ರಕ್ಕೂ ನಡುವೆ ಬೆರಳಷ್ಟು ಜಾಗ ಬಿಟ್ಟು ಬಿಳಿ ಅಂಚು ಕೂರಿಸಿದ್ದರು. ಸೋನಾಲಿ ಅದನ್ನು ಮಂಚದ ಮೇಲೆ ಕುಳಿತ ಅತ್ತೆಯ ಮುಂದೆ ನಿಲ್ಲಿಸಿದಳು. "ನೋಡ್ರಿ ಅತ್ಯಾರ, ಕಿತಿ ಛಾನ್! ಎಷ್ಟು ಛಂದ ಬಂದದ."

ನಾಗವ್ವ ಬಹಳ ಹೊತ್ತು ನೋಡಿದಳು. ಚಿತ್ರದ ಗದ್ದದ ಮೇಲೆ ಬೆರಳಿಟ್ಟಳು, ಆಮೇಲೆ ತನ್ನ ಗದ್ದ ಮುಟ್ಟಿ ನೋಡಿಕೊಂಡಳು.

"ಚಂದ ಅದಾಳ," ಎಂದಳು. "ಯಾರಿಕಿ?"

"ಅವ್ವಾ, ನೀನ!" ಪ್ರೇಮಕುಮಾರ ನಕ್ಕ.

"ನನ್ನ ಹಚ್ಚಿಬೊಟ್ಟು ಎಲ್ಲಿ?"

ಸೋನಾಲಿ ಚೌಕಟ್ಟನ್ನು ತನ್ನ ಕಡೆ ತಿರುಗಿಸಿ ನೋಡಿದಳು, ಅತ್ತೆಯ ಮುಖ ನೋಡಿದಳು. ಕೆಂಪಗಿದ್ದ ಅವಳ ಮುಖ ಬಾಡಿತು, ಕಣ್ಣು ತುಂಬಿ ಬಂದವು. "ನನಗ ಗೊತ್ತಾಗಲಿಲ್ರಿ. ಫೋನೇ ತಗದುಬಿಟ್ಟದ. ಖರೇನ ನನಗ ಗೊತ್ತಾಗಲಿಲ್ಲ."

ಇಷ್ಟು ದಿನ ಕಾದಿದ್ದ ಗಳಿಗೆ ಬಂದಿತ್ತು. ಸುಳ್ಳೇಕೆ, ಭುವನೇಶ್ವರಿಗೆ ಹಿತವೂ ಆಯಿತು. ಬಾಗಿಲಿಗೆ ಒರಗಿ, ಸೆರಗಿನ ತುದಿಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಆ ಹಿತವನ್ನು ಅನುಭವಿಸಿದಳು.

"ಅಳಬ್ಯಾಡ," ಎಂದಳು ನಾಗವ್ವ ಸೋನಾಲಿಗೆ. "ನೀ ತಿಂಗಳಿಗೊಮ್ಮಿ ಬರಾಕಿ, ನಿನಗ ಹ್ಯಾಂಗ ಗೊತ್ತಾಗಬೇಕು. ನಾ ಹಡದ ಮಕ್ಕಳಿಗೇ ಗೊತ್ತಾಗಲಿಲ್ಲ." ಆಮೇಲೆ ನಿಧಾನಕ್ಕೆ ಬಾಗಿಲ ಕಡೆ ತಿರುಗಿದಳು. "ಭುವನಾ. ನಿನಗ ಗೊತ್ತಿತ್ತು."

ಭುವನೇಶ್ವರಿಯ ಕೈ ನಿಂತಿತು.

"ದಿನಾ ಎಣ್ಣಿ ಹಚ್ಚಾಕಿ ನೀನು. ಈ ಮುಖ ನಿನ್ನಷ್ಟು ಕಂಡಾವ್ರು ಈ ಭೂಮಿ ಮ್ಯಾಲ ಯಾರೂ ಇಲ್ಲ. ಅವತ್ತ ನೋಡಿದಿ, ಸುಮ್ಮನಾದಿ."

ಇಂಥದೊಂದು ಮಾತು ಅತ್ತೆಯ ಬಾಯಿಂದ ಬರಲಿ ಎಂದು ಅವಳು ಎಷ್ಟು ವರ್ಷ ಕಾದಿದ್ದಳೋ! ಬಂದಾಗ ತಲೆಯೆತ್ತಲು ಆಗಲಿಲ್ಲ.

ಅಪ್ಪಾಸಾಹೇಬ ಮಾತು ಮರೆಸಲು ನೋಡಿದ. "ಆತು ಬಿಡವಾ. ಇಕಿ ತಗದದ್ರಾಗ ಬೊಟ್ಟು ಇರಬೇಕಲ್ಲ, ಅದನ್ನ ಮಾಡಸೋಣು. ಭುವನಾ, ತಗಿ ಆ ಫೋಟೋ."

"ಇಲ್ಲ," ಎಂದಳು ಭುವನೇಶ್ವರಿ. "ಅಳಿಸೀನಿ."

ಸೋನಾಲಿ ಮೂಗೊರೆಸಿಕೊಂಡು ಅವಳನ್ನೇ ನೋಡಿದಳು. ಅವಳಿಗೂ ಈಗ ಎಲ್ಲ ತಿಳಿಯಿತು. ಆದರೂ, "ಇನ್ನೊಮ್ಮಿ ತಗ್ಯೋಣ್ರಿ ಅತ್ಯಾರ. ಅಕ್ಕನ ಫೋನಿನ್ಯಾಗ," ಎಂದಳು.

"ಸಾಕು. ನನಗಿನ್ನ ಕುರ್ಚಿ ಮ್ಯಾಲ ಗೊಂಬಿಗತೆ ಕೂಡಾಕ ಆಗೂದಿಲ್ಲ," ಎಂದಳು ನಾಗವ್ವ. "ಭುವನಾ, ಕಾಡಿಗಿ ತಾ. ನಿನ್ನ ಕೈಲೆ ಇಡು."

ಭುವನೇಶ್ವರಿ ಕಾಡಿಗೆಯ ಡಬ್ಬಿ ತಂದು ನೆಲಕ್ಕೆ ಕುಳಿತಳು. ಸೋನಾಲಿ ಚೌಕಟ್ಟನ್ನು ಎರಡೂ ಕೈಯಿಂದ ಅಲ್ಲಾಡದಂತೆ ಹಿಡಿದಳು. ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರವಿದ್ದರೂ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಭುವನೇಶ್ವರಿ ಅತ್ತೆಯ ಕಡೆ ಕಣ್ಣೆತ್ತದೆಯೇ ಬೆರಳ ತುದಿಯಿಂದ ಗಾಜಿನ ಮೇಲೆ ಎರಡು ಬೊಟ್ಟು ನೇರವಾಗಿ ಇಟ್ಟಳು, ಮೂರನೆಯದನ್ನು ತುಸು ತುಟಿಯ ಕಡೆಗೆ ಜಾರಿಸಿ ಇಟ್ಟಳು.

"ಹಾಂ," ಎಂದಳು ನಾಗವ್ವ.

ಊಟವಾದ ಮೇಲೆ ಅಪ್ಪಾಸಾಹೇಬ ಮೊಳೆ ಹೊಡೆದು ತಂದೆಯ ಪಕ್ಕದಲ್ಲಿ ಅದನ್ನು ತೂಗುಹಾಕಿದ. ಸಂಜೆ ಸೋನಾಲಿ, ಪ್ರೇಮಕುಮಾರ ಕೊಂಢವಾಕ್ಕೆ ಹೊರಟರು. ಹೋಗುವಾಗ ಸೋನಾಲಿ "ಬರತೀನ್ರಿ ಅಕ್ಕಾ" ಎಂದದ್ದು ಚಪ್ಪಲಿ ನೋಡುತ್ತ.

ಭುವನೇಶ್ವರಿ ಅತ್ತೆಗೆ ಚಹಾ ತರುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಗೋಡೆ ನೋಡಿದಳು. ಅಲ್ಲಿಂದ ಓರೆಯಾಗಿ ನೋಡುವಾಗ ಗಾಜಿನ ಮೇಲಿನ ಕಾಡಿಗೆಯ ಬೊಟ್ಟುಗಳು ಗದ್ದ ಬಿಟ್ಟು ಕೆನ್ನೆಗೆ ಹೋಗಿ ಕುಳಿತಿದ್ದವು. ಎರಡು ಹೆಜ್ಜೆ ಮುಂದೆ ಬಂದಳು, ಅವು ತುಸು ಸರಿದವು. ಫೋಟೋದ ಎದುರಿಗೇ ಬಂದು ನೆಟ್ಟಗೆ ನಿಂತಾಗ ಮಾತ್ರ ಮೂರೂ ತಮ್ಮ ಜಾಗಕ್ಕೆ ಬಂದವು.

"ಚಹಾ ಆರತದ," ಎಂದಳು ನಾಗವ್ವ ಮಂಚದ ಮೇಲಿನಿಂದ.

"ತಂದೆನ್ರಿ," ಎಂದಳು ಭುವನೇಶ್ವರಿ. ಚಹಾದ ಕಪ್ಪು ಹಿಡಿದು ಅಲ್ಲಿಯೇ ನಿಂತಿದ್ದಳು.