ಪೀರಮ್ಮನ ದನಿಯ ಫೋಲ್ಡರ್

ಭಾರ್ಗವ್ ಕೆಲಸ ಬಿಟ್ಟು ಹೋದದ್ದಕ್ಕೆ ನನಗೇನೂ ಬೇಜಾರಿರಲಿಲ್ಲ. ಅವನು ಬರೆದಿಟ್ಟು ಹೋದ ಪ್ರೋಗ್ರಾಂ ಅವನ ಹಿಂದೆಯೇ ಕೈಕೊಟ್ಟಾಗ ಮಾತ್ರ ಮೈಯೆಲ್ಲ ಉರಿಯಿತು.

ಇದು ಎರಡು ಸಾವಿರದ ಒಂದನೇ ಇಸವಿಯ ಮಾತು. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಒಂದು ಸೀರೆ ಅಂಗಡಿಯ ಮಹಡಿಯ ಮೇಲೆ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿ ಇತ್ತು. ಶಿವಾಜಿನಗರದ ಒಂದು ಧರ್ಮಾಸ್ಪತ್ರೆಯವರು ಕೇಳಿದರೆಂದು ಭಾರ್ಗವ್ ಒಂದು ಪ್ರೋಗ್ರಾಂ ಬರೆದಿದ್ದ. ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಮಾತು ಮರಳಿ ಕಲಿಸುವ ಪ್ರೋಗ್ರಾಂ ಅದು. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ, ಅದನ್ನು ಒತ್ತಿದರೆ ಒಂದು ದನಿ ಅದರ ಹೆಸರು ಹೇಳುತ್ತದೆ, ರೋಗಿ ಕೇಳಿಸಿಕೊಂಡು ತಾನೂ ಹೇಳಬೇಕು. ನಮ್ಮ ಆಫೀಸಿನಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಆಸ್ಪತ್ರೆಯ ಕಂಪ್ಯೂಟರಿಗೆ ಹಾಕಿದ ದಿನವೇ ಫೋನ್ ಬಂತು.

"ರಂಜನಾ, ಚಿತ್ರಾನೂ ಇಲ್ಲ, ಸೌಂಡೂ ಇಲ್ಲಮ್ಮ. ಬರೀ ಖಾಲಿ ಡಬ್ಬ ಬರ್ತಾ ಇದೆ. ಪೇಷಂಟು ಬೆಳಿಗ್ಗೆಯಿಂದ ಕೂತಿದಾರೆ, ಪಾಪ," ಎಂದರು ಮೆಹರುನ್ನೀಸಾ ಮೇಡಂ. ಆ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವವರು ಅವರೇ.

"ಭಾರ್ಗವ್ ಕೈಗೆ ಸಿಕ್ಕಿದ್ರೆ ಕಿವಿ ಹಿಂಡ್ತಿದ್ದೆ ಮೇಡಂ. ಇರಿ, ನಾನೇ ಬಂದೆ," ಎಂದು ಕೈನೆಟಿಕ್ ಸ್ಕೂಟರ್ ಹತ್ತಿದೆ. ಹಲಸೂರು ಕೆರೆ ದಾಟುವವರೆಗೂ ಅವನನ್ನು ಬೈಯುತ್ತಲೇ ಹೋದೆ.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಆ ಆಸ್ಪತ್ರೆಯಲ್ಲಿ ಮೇಡಂ ಅವರಿಗೊಂದು ಕೋಣೆ ಇತ್ತು. ಕಂಪ್ಯೂಟರಿನ ಮುಂದೆ ಅಗಲ ಭುಜದ ಒಬ್ಬ ಮನುಷ್ಯ ಕೂತಿದ್ದರು. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಪಕ್ಕದ ಸ್ಟೂಲಿನ ಮೇಲೆ ಅವರ ಹೆಂಡತಿ.

"ಇವರು ಹಂಪಣ್ಣ, ಗಾರೆ ಮೇಸ್ತ್ರಿ. ಇವರು ಅವರ ಮನೆಯವರು, ಪೀರಮ್ಮ," ಎಂದು ಮೇಡಂ ಪರಿಚಯ ಮಾಡಿಸಿದರು. ಊರು ಯಾದಗಿರಿಯ ಕಡೆ, ಇಲ್ಲಿ ದೊಡ್ಡನೆಕ್ಕುಂದಿಯಲ್ಲಿ ಬಾಡಿಗೆ ಕೋಣೆ. ಆಮೇಲೆ ನನ್ನನ್ನು ಬಾಗಿಲ ಬಳಿ ಕರೆದು ದನಿ ತಗ್ಗಿಸಿದರು. "ನಾವು ಹೇಳೋದೆಲ್ಲ ಅವರಿಗೆ ಅರ್ಥ ಆಗತ್ತೆ. ಬಾಯಿಗೆ ಬರಲ್ಲ. ಶುರುವಿನ ತಿಂಗಳುಗಳಲ್ಲಿ ಬಂದ್ರೆ ಬಂತು, ಆಮೇಲೆ ಬಹಳ ಕಷ್ಟ. ಇವರಿಗೆ ಚಳಿಗಾಲದಲ್ಲಿ ಆಗಿದ್ದು. ಈಗ ನೋಡು, ಬೇಸಿಗೆ ಮುಗೀತಾ ಬಂತು."

ಎಷ್ಟು ತಗ್ಗಿಸಿದರೂ ಪೀರಮ್ಮನಿಗೆ ಕೇಳಿಸಿತ್ತು. "ಅವರು ಭಾಷಣಾ ಮಾಡೂದು ಬ್ಯಾಡ್ರಿ ಅಕ್ಕಾರ," ಎಂದಳು. "ನನಗ ಒಮ್ಮಿ ಕರದ್ರ ಸಾಕು. ಮನ್ಯಾಗ ಸಪ್ಪಳಽ ಇಲ್ಲದಂಗ ಆಗ್ಯದ."

ಅವಳು ಇದನ್ನು ಯಾವ ಗೋಳೂ ಇಲ್ಲದೆ, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎನ್ನುವಂತೆ ಹೇಳಿದಳು. ನಾನು ಕಂಪ್ಯೂಟರಿನ ಕಡೆ ತಿರುಗಿದೆ.

ಯಾವ ಚಿತ್ರಕ್ಕೆ ಯಾವ ದನಿ ಎಂದು ಸಾಲುಸಾಲಾಗಿ ಬರೆದಿಟ್ಟ ಒಂದು ಫೈಲು ಇರುತ್ತದೆ. ಪ್ರೋಗ್ರಾಂ ಅದನ್ನು ಓದಿಕೊಂಡು ಹೋಗಿ ಚಿತ್ರ, ದನಿಗಳನ್ನು ಎತ್ತಿಕೊಂಡು ಬರುತ್ತದೆ. ತೆರೆದು ನೋಡಿದರೆ ಪ್ರತಿ ಸಾಲಿನಲ್ಲೂ ಡಿ ಡ್ರೈವ್, ಅದರೊಳಗೆ ಭಾರ್ಗವ್, ಅದರೊಳಗೆ ನ್ಯೂ ಫೋಲ್ಡರ್ ಟು! ಮಹರಾಯ ತನ್ನ ಮೇಜಿನ ಕಂಪ್ಯೂಟರಿನ ಪೂರ್ತಿ ವಿಳಾಸವನ್ನೇ ಬರೆದಿದ್ದ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಡಿ ಡ್ರೈವ್ ಎಂದರೆ ಸಿಡಿ ಹಾಕುವ ತಟ್ಟೆ. ಅದರಲ್ಲಿ ಮೇಡಂ ಕೇಳುವ ಗಝಲ್ ಸಿಡಿ ಇತ್ತು. ನಮ್ಮ ಪ್ರೋಗ್ರಾಂ ಬೆಳಗಿನಿಂದ ಗಝಲ್ ಸಿಡಿಯಲ್ಲಿ ಈರುಳ್ಳಿ ಹುಡುಕುತ್ತಿತ್ತು.

ಹೊಸಬರಿಗೆ ನಾನು ಬಾಯಿ ನೋಯುವಷ್ಟು ಸಲ ಹೇಳುವ ಪಾಠ ಇದೊಂದೇ. ಪೂರ್ತಿ ವಿಳಾಸ ಬರೆಯಬೇಡಿ. ಪ್ರೋಗ್ರಾಂ ತಾನು ಇರುವ ಜಾಗದಿಂದ ನೋಡಿದರೆ ಪಕ್ಕದ ಫೋಲ್ಡರಿನಲ್ಲಿ ಏನಿದೆಯೋ ಅದನ್ನು ತೆಗೆದುಕೊಳ್ಳಲಿ. ಆಗ ಇಡೀ ಗಂಟನ್ನು ಯಾವ ಕಂಪ್ಯೂಟರಿಗೆ ಹೊತ್ತುಕೊಂಡು ಹೋದರೂ ಅಡ್ಡಿಯಿಲ್ಲ. ಭಾರ್ಗವ್ ತಲೆಯಾಡಿಸಿದ್ದ, ಕೇಳಿಸಿಕೊಂಡಿರಲಿಲ್ಲ. ನಾನು ಎಲ್ಲ ಸಾಲುಗಳಿಂದಲೂ ಅವನ ಹೆಸರು ಅಳಿಸಿ, ಪಕ್ಕದ 'ಚಿತ್ರ' ಮತ್ತು 'ದನಿ' ಎಂಬ ಫೋಲ್ಡರುಗಳ ದಾರಿ ತೋರಿಸಿದೆ. ಈರುಳ್ಳಿ ಪರದೆಯ ಮೇಲೆ ಬಂತು. ದನಿಯೂ ಬಂತು.

ಬಂದರೇನು, ಹಂಪಣ್ಣ ಬಾಯಿ ತೆರೆಯಲಿಲ್ಲ. ನಾವು ದುಡ್ಡು ಕೊಟ್ಟು ಮಾತಾಡಿಸಿದ್ದ ಹೆಂಗಸಿನ ದನಿ ವಾರ್ತೆ ಓದುವವರ ಹಾಗೆ ಸ್ಪಷ್ಟವಾಗಿತ್ತು. "ಈರುಳ್ಳಿ. ಚೊಂಬು. ಕಡಲೆಕಾಯಿ." ರೈಲ್ವೆ ಸ್ಟೇಷನ್ನಿನಲ್ಲಿ ಬೇರೆ ಯಾವುದೋ ರೈಲಿನ ವಿಷಯ ಹೇಳುತ್ತಿದ್ದಾರೆ ಎಂಬಂತೆ ಅವರು ಮರ್ಯಾದೆಯಿಂದ ಕೇಳಿಸಿಕೊಂಡು ಸುಮ್ಮನೆ ಕೂತರು. ಮುಂದಿನ ಶನಿವಾರ ಹೋದಾಗಲೂ ಹಾಗೆಯೇ. ಅದರ ಮುಂದಿನ ಶನಿವಾರ ಪೀರಮ್ಮನಿಗೆ ತಡೆಯಲಾಗಲಿಲ್ಲ.

"ಈಕಿ ಯಾರ್ರಿ? ಇವರಿಗೆ ಗುರ್ತಿಲ್ಲದ ಹೆಣ್ಮಗಳು ಹೇಳಿದ್ರ ಇವರ್ಯಾಕ ಮಾತಾಡ್ತಾರ? ಮತ್ತ ಈರುಳ್ಳಿ ಅನ್ನೂದು ಅಂಗಡ್ಯಾಗಿನ ಮಾತು. ಮನ್ಯಾಗ ನಾವು ಉಳ್ಳಾಗಡ್ಡಿ ಅಂತೀವಿ."

ಮೇಡಂ ನನ್ನ ಮುಖ ನೋಡಿದರು. ನಾನು ಮೇಡಂ ಮುಖ ನೋಡಿದೆ. ಇಬ್ಬರಿಗೂ ನಾಚಿಕೆಯಾಯಿತು.

"ನೀವೇ ಹೇಳ್ತೀರಾ ಪೀರಮ್ಮ? ನಿಮ್ಮ ದನೀಲಿ?" ಎಂದೆ.

ದಾರಿಗಳನ್ನು ಸರಿಮಾಡಿದ್ದರಿಂದ ಈಗ ಕೆಲಸ ಸಲೀಸಾಗಿತ್ತು. 'ದನಿ' ಫೋಲ್ಡರನ್ನು ಎತ್ತಿ ಬದಿಗಿಟ್ಟು, ಅದೇ ಹೆಸರಿನ ಇನ್ನೊಂದು ಫೋಲ್ಡರ್ ತಂದಿಟ್ಟರೆ ಪ್ರೋಗ್ರಾಮಿಗೆ ಗೊತ್ತೂ ಆಗುವುದಿಲ್ಲ. ಒಳಗಿನ ಫೈಲುಗಳ ಹೆಸರು ಮೊದಲಿನದೇ ಆಗಿರಬೇಕು, ಅಷ್ಟೇ. ನಮ್ಮ ಆಫೀಸಿನಲ್ಲಿ ಸೌಂಡ್ ಕೆಲಸ ಮಾಡುತ್ತಿದ್ದ ನಯಾಜ್ ಅಲ್ಲೇ ಶಿವಾಜಿನಗರದವನು. ಮೈಕು, ರೆಕಾರ್ಡರು ಹಿಡಿದು ಬಂದ. ಬಸ್ಸುಗಳ ಹಾರ್ನ್ ಕೇಳಿಸದಿರಲೆಂದು ಆಸ್ಪತ್ರೆಯ ಹಾಸಿಗೆ ಹೊದಿಕೆ ಇಡುವ ಕೋಣೆಯಲ್ಲಿ ಪೀರಮ್ಮನನ್ನು ಕೂರಿಸಿದೆವು.

ಅವಳು "ಉಳ್ಳಾಗಡ್ಡೀ!" ಎಂದು ಕೂಗಿದ ರಭಸಕ್ಕೆ ನಯಾಜ್ ಹೆಡ್‌ಫೋನ್ ಕಿತ್ತೆಸೆದ. "ಅಮ್ಮಾ, ಮೈಕು ಇಲ್ಲೇ ಇದೆ. ದೊಡ್ಡನೆಕ್ಕುಂದಿಗೆ ಕೇಳಿಸ್ಬೇಕಾಗಿಲ್ಲ."

"ಏನ್ ಮಾಡ್ಲೆಪ್ಪ, ಇವರು ಗ್ವಾಡಿ ಕಟ್ಟೂವಾಗ ಮ್ಯಾಲ ಸಾರವಿ ಮ್ಯಾಲ ಇರ್ತಿದ್ರು, ನಾ ತಳಗ ಸಿಮೆಂಟ್ ಕಲಸಿದ ಮಾಲ್ ಹೊತ್ತು ನಿಂತಿರ್ತಿದ್ದೆ. ಕೂಗಿ ಕೂಗಿ ರೂಢಿ," ಎಂದು ನಕ್ಕಳು.

ಈರುಳ್ಳಿಗೆ ಉಳ್ಳಾಗಡ್ಡಿ, ಕಡಲೆಕಾಯಿಗೆ ಶೇಂಗಾ, ಚೊಂಬಿಗೆ ಚರಗಿ, ಹೊದಿಕೆಗೆ ಕೌದಿ, ಟೀಗೆ ಚಾ. ಒಂದೊಂದನ್ನೂ ಅವಳು ಮನೆಯಲ್ಲಿ ಹೇಳುವ ಹಾಗೆಯೇ ಹೇಳಿದಳು. ಸಂಜೆ ಹೊಸ ಫೋಲ್ಡರ್ ಹಾಕಿ ಒತ್ತಿದರೆ ಒಂದೂ ಮಾತಾಡಲಿಲ್ಲ. ನೋಡಿದರೆ ನಯಾಜ್ ಮಹಾ ಶ್ರದ್ಧೆಯಿಂದ ಫೈಲುಗಳಿಗೆ ಉಳ್ಳಾಗಡ್ಡಿ, ಶೇಂಗಾ ಎಂದೇ ಹೆಸರು ಕೊಟ್ಟಿದ್ದ.

"ಅಲ್ವೋ, ಪ್ರೋಗ್ರಾಂ ಈರುಳ್ಳಿ ಅನ್ನೋ ಫೈಲನ್ನ ಹುಡುಕತ್ತೆ ಕಣೋ. ಉಳ್ಳಾಗಡ್ಡಿ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

"ಅಮ್ಮ ಹೇಳಿದ್ದೇ ಉಳ್ಳಾಗಡ್ಡಿ ಗುರು! ಅದಕ್ಕೆ ಈರುಳ್ಳಿ ಅಂತ ಹೆಸರಿಟ್ರೆ ಸುಳ್ಳಾಗಲ್ವಾ?"

"ಮೇಲಿನ ಚೀಟಿ ಯಾರು ನೋಡ್ತಾರೆ? ಒಳಗೆ ಏನಿದೆ ಅದು ಮುಖ್ಯ. ತಿದ್ದು ಬೇಗ," ಎಂದು ಗದರಿಸಿ ಎಲ್ಲ ಹೆಸರುಗಳನ್ನೂ ಮೊದಲಿನಂತೆ ಮಾಡಿಸಿದೆ.

ಮತ್ತೆ ಒತ್ತಿದೆವು. ಸ್ಪೀಕರಿನ ಡಬ್ಬದೊಳಗಿಂದ ಹೆಂಡತಿಯ ದನಿ ಬಂದದ್ದೇ ಹಂಪಣ್ಣ ಡಬ್ಬ ನೋಡಿದರು, ತಿರುಗಿ ಪೀರಮ್ಮನ ಮುಚ್ಚಿದ ಬಾಯಿ ನೋಡಿದರು. ಮುಖದ ಒಂದು ಕಡೆ ಮಾತ್ರ ನಗು ಬಂತು. ನನ್ನಂಥ ಸಿಡುಕಿಯ ಎದೆಯೂ ಕರಗಿತು. ಇನ್ನೆರಡು ವಾರಕ್ಕೆ "ಉಳ್ಳ" ಎಂಬಲ್ಲಿಯವರೆಗೆ ಬಂದರು. ಮಳೆ ಶುರುವಾಗುವ ಹೊತ್ತಿಗೆ ಚಾ, ಚರಗಿ, ಉಳ್ಳಾಗಡ್ಡಿ ಮೂರೂ ಬರುತ್ತಿದ್ದವು.

ಆದರೆ ದನಿ ಮೊದಲು ಹೇಳಿದರೆ ಮಾತ್ರ. ತಾವಾಗಿ ಏನನ್ನೂ ಕೇಳುತ್ತಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ. ಮನೆಯವರ ಫೋಟೋಗಳನ್ನು ಸೇರಿಸಿ ನೋಡೋಣ ಎಂದರು ಮೇಡಂ. ನಯಾಜ್ ಪೀರಮ್ಮನ ಫೋಟೋ ತೆಗೆದ. ಫೋಟೋದಲ್ಲಿರುವವರ ಹೆಸರು ಹೇಳಿ ಎಂದು ಮೇಡಂ ಹೇಳಿದ್ದಕ್ಕೆ ಅವಳು ಶಾಲೆಯಲ್ಲಿ ಹಾಜರಿ ಹೇಳುವವಳಂತೆ ನೆಟ್ಟಗೆ ಕೂತು "ಪೀರಮ್ಮ" ಎಂದಳು. ಹೊಸ ಫೈಲಿಗೆ ನಾನು ಪೀರಮ್ಮ ಎಂದು ಹೆಸರಿಟ್ಟು, ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದೆ.

ಫೋಟೋ ಬಂತು. "ಪೀರಮ್ಮ" ಎಂದಿತು ದನಿ. ಹಂಪಣ್ಣ ತುಟಿ ಬಿಗಿದರು.

ಮತ್ತೆ ಒತ್ತಿದೆವು. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಇನ್ನೊಮ್ಮೆ ಒತ್ತಿದಾಗ ಎಡಗೈಯಿಂದ ಮೇಜನ್ನು ಗುದ್ದಿದರು. ಕೀಬೋರ್ಡು ಹಾರಿಬಿತ್ತು.

ಪೀರಮ್ಮ ಎದ್ದು ವರಾಂಡಕ್ಕೆ ಹೋದಳು. ನಾನೂ ಹಿಂದೆಯೇ ಹೋದೆ. ಅವಳು ಕಂಬಕ್ಕೊರಗಿ ನಿಂತಿದ್ದಳು. "ನೋಡ್ರಿ ಅಕ್ಕಾರ, ಉಳ್ಳಾಗಡ್ಡಿ ನೆನಪದ. ನಾನಽ ನೆನಪಿಲ್ಲ," ಎಂದು ನಗಲು ಹೋದಳು. ನಗು ಅರ್ಧಕ್ಕೇ ನಿಂತು ಕಣ್ಣಲ್ಲಿ ನೀರು ತುಂಬಿತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಆ ಮನುಷ್ಯ ಹೆಂಡತಿಯನ್ನು ಮರೆತಿಲ್ಲ, ಅದು ಅವರ ಕಣ್ಣು ನೋಡಿದರೇ ತಿಳಿಯುತ್ತದೆ. ಅವಳು ಎದ್ದು ಹೋದರೆ ಬಾಗಿಲನ್ನೇ ನೋಡುತ್ತ ಕೂರುವವರು ಮರೆಯುತ್ತಾರೆಯೇ? ಹಾಗಾದರೆ ತಪ್ಪು ನಾವು ಕೇಳಿದ್ದರಲ್ಲೇ ಇರಬೇಕು.

"ಪೀರಮ್ಮ, ಅವರು ಮನೇಲಿ ನಿಮ್ಮನ್ನ ಪೀರಮ್ಮ ಅಂತಾನೇ ಕರೀತಿದ್ರಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಇವಳಿಗೆ ತಲೆ ಕೆಟ್ಟಿದೆಯೇ ಎಂಬಂತೆ ನನ್ನನ್ನು ನೋಡಿದಳು. "ಹೇಣ್ತಿ ಹೆಸರು ಯಾರು ಹಿಡೀತಾರ್ರಿ? ನಾ ಅವರ ಹೆಸರು ಹಿಡಿಯಂಗಿಲ್ಲ, ಅವರು ನನ್ನ ಹೆಸರು ಹಿಡಿಯಂಗಿಲ್ಲ. ಲಗ್ನಾ ಆದಾಗಿಂದ ಒಮ್ಮಿನೂ ಇಲ್ಲ."

"ಮತ್ತೆ ಏನಂತ ಕರೀತಿದ್ರು?"

ಅವಳಿಗೆ ನಾಚಿಕೆಯಾಯಿತು. ಅತ್ತ ತಿರುಗಿ, "ನಮ್ಮ ಹುಡುಗ ಭೀಮು ಅದಾನಲ್ರಿ... ಭೀಮೂನವ್ವ ಅಂತ," ಎಂದಳು.

ಅಯ್ಯೋ ನಮ್ಮ ಬುದ್ಧಿಯೇ! ರೇಷನ್ ಕಾರ್ಡಿನಲ್ಲಿ ಇರುವ ಹೆಸರನ್ನು ಆ ಮನುಷ್ಯನ ಬಾಯಿಗೆ ತುರುಕಲು ಹೊರಟಿದ್ದೆವು. ಮಾತು ಬರುತ್ತಿದ್ದ ಕಾಲದಲ್ಲೂ ಅವರು ಆಡದ ಮಾತು ಅದು. ನಾಲ್ಕು ಜನರೆದುರು ಹೆಂಡತಿಯ ಹೆಸರು ಹಿಡಿ ಎಂದು ಒತ್ತಾಯ ಮಾಡಿದರೆ ಅವರು ಮೇಜು ಗುದ್ದದೆ ಇನ್ನೇನು ಮಾಡಿಯಾರು? ನಯಾಜ್‌ನನ್ನು ಕೂಗಿ ಮೈಕು ಮತ್ತೆ ಜೋಡಿಸಲು ಹೇಳಿದೆ.

ಪೀರಮ್ಮ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ನನ್ನನ್ನ ನಾನಽ ಹ್ಯಾಂಗ ಕರಕೊಳ್ಳಲ್ರಿ? ಕೇಳಿದವರು ನಗ್ತಾರ."

"ಯಾರೂ ನಗಲ್ಲಮ್ಮ. ಅವರು ಹೆಂಗೆ ಕರೀತಿದ್ರೋ ಹಂಗೇ ಕರೀರಿ," ಎಂದ ನಯಾಜ್. ಅವನು ಗೋಡೆಯ ಕಡೆ ತಿರುಗಿ ಕೂತ, ಅವಳಿಗೆ ಸಂಕೋಚವಾಗದಿರಲಿ ಎಂದು.

ಹೊದಿಕೆಗಳ ಆ ಕೋಣೆಯಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಗಂಡನ ರಾಗದಲ್ಲಿಯೇ, ಕೊನೆಯನ್ನು ಎಳೆದು, ಮೇಲಿನಿಂದ ಕೆಳಗೆ ಕರೆಯುವವರಂತೆ ಕರೆದಳು. "ಭೀಮೂನವ್ವಾ..."

ಪೀರಮ್ಮ ಎಂಬ ಫೈಲಿನ ಹಳೆಯ ದನಿ ಅಳಿಸಿ, ಅದೇ ಹೆಸರಿನಲ್ಲಿ ಇದನ್ನು ಉಳಿಸಿದೆ. ಪಟ್ಟಿಯನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಹಂಪಣ್ಣ ಇನ್ನೂ ಗೋಡೆಯನ್ನೇ ನೋಡುತ್ತಿದ್ದರು. ಮೇಡಂ ಅವರ ಹೆಗಲು ಮುಟ್ಟಿ, "ಇನ್ನೊಂದೇ ಸಲ ಹಂಪಣ್ಣ. ಬೇಡ ಅಂದ್ರೆ ಇವತ್ತಿಗೆ ಬಿಟ್ಬಿಡೋಣ," ಎಂದರು. ಪೀರಮ್ಮ ಬಂದು ತನ್ನ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಳು. ನಾನು ಒತ್ತಿದೆ.

"ಭೀಮೂನವ್ವಾ..."

ಹಂಪಣ್ಣ ಥಟ್ಟನೆ ತಿರುಗಿದರು. ಪರದೆಯ ಫೋಟೋವನ್ನು ನೋಡಿದರು. ತುಟಿಗಳು ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ಕತ್ತಿನ ನರ ಉಬ್ಬಿತು. ನಾನು ಇನ್ನೊಮ್ಮೆ ಒತ್ತಲು ಹೋದೆ, ಮೇಡಂ ನನ್ನ ಕೈ ಹಿಡಿದರು. ಹಂಪಣ್ಣ ಪರದೆಯಿಂದ ಕಣ್ಣು ತೆಗೆದು ಪಕ್ಕದಲ್ಲಿದ್ದ ಹೆಂಡತಿಯ ಕಡೆ ನೋಡಿದರು.

"ಭೀ... ಭೀಮೂ... ನವ್ವ."

"ಬಂದೆ, ಬಂದೆರಿ," ಎಂದು ಪೀರಮ್ಮ ದಡಕ್ಕನೆ ಎದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಒಲೆಯ ಮುಂದಿನಿಂದ ಎದ್ದವಳಂತೆ ಬಾಗಿಲ ತನಕ ಹೋಗಿಬಿಟ್ಟಳು. ಆಮೇಲೆ ತಾನು ಎಲ್ಲಿದ್ದೇನೆಂದು ನೆನಪಾಗಿ ಅಲ್ಲೇ ನಿಂತಳು. ನಯಾಜ್ ಮೈಕಿನ ವೈರು ಸುತ್ತುತ್ತಿದ್ದವನು ಸುತ್ತುವುದನ್ನು ನಿಲ್ಲಿಸಿದ. ನನಗೆ ಅಳು ಬಂತು, ನಾನು ತಡೆಯಲಿಲ್ಲ.

ಪೀರಮ್ಮ ತಿರುಗಿ ಬಂದು ಗಂಡನ ಮುಂದೆ ಬಗ್ಗಿದಳು. "ಏನ್ರಿ? ಏನ್ ಬೇಕ್ರಿ? ಚಾ ಬೇಕೇನ್ರಿ?"

ಹಂಪಣ್ಣ ಇಲ್ಲವೆಂದು ತಲೆಯಾಡಿಸಿದರು. ಅವರಿಗೆ ಏನೂ ಬೇಕಾಗಿರಲಿಲ್ಲ. ಇನ್ನೊಮ್ಮೆ ಕರೆದರು.