ರಾಧುವಿನ ಜ್ವರ

ಅಕ್ಕಿ ತೊಳೆದ ಅಕ್ಕಚ್ಚಿನ ಬಾಲ್ದಿ ಹಿಡಿದು ಹಟ್ಟಿಗೆ ಕಾಲಿಟ್ಟ ಪದ್ಮಾಕ್ಷಿ ಅಲ್ಲೇ ನಿಂತುಬಿಟ್ಟಳು. ದಿನವೂ ಬಾಲ್ದಿಯ ಸದ್ದು ಕೇಳಿದರೆ ಸಾಕು, ಕತ್ತು ಚಾಚಿ ನಿಲ್ಲುತ್ತಿದ್ದ ಎಮ್ಮೆ ರಾಧು ಇವತ್ತು ಏಳಲೇ ಇಲ್ಲ. ಗೋಡೆಗೆ ಹಣೆ ಒತ್ತಿ, ಕಾಲು ಚೆಲ್ಲಿ ಬಿದ್ದುಕೊಂಡಿತ್ತು. ಕಿವಿ ಮುಟ್ಟಿದರೆ ದೋಸೆಯ ಕಾವಲಿ ಮುಟ್ಟಿದ ಹಾಗೆ.

"ವಿಸ್ಮಿತಾ, ಫೋನ್ ತಾ ಮಗಾ. ಬೇಗ!"

ನೆರಿಯದ ಕಾಡಂಚಿನ ಆ ಮನೆಗೆ ನಸೀಬಾ ಡಾಕ್ಟ್ರು ಮೂಡುಬಿದಿರೆಯಿಂದ ಬರಬೇಕು. ಎರಡು ಗಂಟೆಯ ದಾರಿ. ಜಾನುವಾರುಗಳ ರಕ್ತದಲ್ಲಿ ಈಜುವ ಒಂದು ಪರೋಪಜೀವಿಯ ಬೆನ್ನುಹತ್ತಿ ಸಂಶೋಧನೆ ಮಾಡುವವರು ಅವರು. ಟ್ರಿಪನೊಸೋಮ ಎಂದು ಅದರ ಹೆಸರು, ಅದು ತರುವ ರೋಗಕ್ಕೆ ಸರ್ರಾ ಎನ್ನುತ್ತಾರೆ. ಕಚ್ಚುವ ದೊಡ್ಡ ನೊಣಗಳು ಒಂದರ ಮೈಯಿಂದ ಇನ್ನೊಂದರ ಮೈಗೆ ಅದನ್ನು ದಾಟಿಸುತ್ತವೆ. ತಿಂಗಳ ಹಿಂದೆ ರಾಧು ಮೇವು ಬಿಟ್ಟು ಬಡಕಲಾದಾಗ ಅವರು ಬಂದು, ಕಿವಿಯಿಂದ ಒಂದು ತೊಟ್ಟು ರಕ್ತ ತೆಗೆದು, ಜಗಲಿಯ ಮೇಜಿನ ಮೇಲೆ ಮೈಕ್ರೋಸ್ಕೋಪ್ ಇಟ್ಟು ಅರ್ಧ ಗಂಟೆ ನೋಡಿದ್ದರು. ಏನೂ ಕಂಡಿರಲಿಲ್ಲ.

"ಇದು ಯಕ್ಷಗಾನದ ವೇಷದವರ ಹಾಗೆ, ಪದ್ಮಾಕ್ಷಿಯಕ್ಕ," ಎಂದಿದ್ದರು. "ಮೈಯೊಳಗಿನ ಕಾವಲಿನವರಿಗೆ ಗುರುತು ಸಿಕ್ಕಿತು ಅನ್ನುವಷ್ಟರಲ್ಲಿ ಬಣ್ಣ ಹಚ್ಚುವ ಚೌಕಿಗೆ ಹೋಗಿ ಬೇರೆ ವೇಷ ಕಟ್ಟಿಕೊಂಡು ಬರ್ತದೆ. ಹೊಸ ವೇಷದಲ್ಲಿ ರಂಗ ತುಂಬಿದಾಗ ಜ್ವರ ಏರ್ತದೆ. ನೋಡಿದರೆ ಆಗ ಸಿಗ್ತದೆ. ಜ್ವರ ಬಂದ ಕೂಡಲೇ ಫೋನ್ ಮಾಡಿ."

"ನೋಡದೆ ಮದ್ದು ಕೊಟ್ಟರೆ ಆಗುದಿಲ್ವಾ ಡಾಕ್ಟ್ರೇ?"

"ಮದ್ದು ಜೋರುಂಟು. ಏಳು ತಿಂಗಳ ಗಬ್ಬ ಬೇರೆ. ಬೇರೇನೋ ಕಾಯಿಲೆ ಆಗಿದ್ದರೆ ಸುಮ್ಮನೆ ಕರು ಹೋಗ್ತದೆ. ಕಂಡ ಮೇಲೆ ಚುಚ್ಚುವ."

ಹನ್ನೆರಡು ದಿನದ ಹಿಂದೆ ಜ್ವರ ಬಂತು. ಪದ್ಮಾಕ್ಷಿ ಫೋನ್ ಮಾಡಿದಳು, ಡಾಕ್ಟ್ರು ಹೊರಟರು. ಅಷ್ಟು ದೂರದಿಂದ ಬರುವವರ ಮುಂದೆ ಎಮ್ಮೆಯನ್ನು ಸೆಗಣಿ ಮೆತ್ತಿಕೊಂಡು ನಿಲ್ಲಿಸುವುದು ಹೇಗೆ? ಶಾಲೆಗೆ ರಜೆಯಿದ್ದ ಮಗಳು ವಿಸ್ಮಿತಾಳಿಗೆ, "ನಾಲ್ಕು ಕೊಡ ನೀರು ಹೊಯ್ಯಿ ಮಗಾ" ಎಂದಳು. ಎಂಟು ವರ್ಷದ ಹುಡುಗಿ ನಾಲ್ಕಲ್ಲ, ಹದಿನಾಲ್ಕು ಕೊಡ ಹೊಯ್ದಳು. ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ, ಹಣೆಗೆ ಕುಂಕುಮವನ್ನೂ ಇಟ್ಟಳು.

ಜಗಲಿಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಮಾವ ಹುಕ್ರಪ್ಪ ನಕ್ಕರು. "ಏನು ಮಾರಾಯ್ತಿ, ಡಾಕ್ಟ್ರು ಬರುವುದು ಜ್ವರ ನೋಡ್ಲಿಕ್ಕಾ, ಹೆಣ್ಣು ನೋಡ್ಲಿಕ್ಕಾ? ಒಂದು ಚೆಂಡು ಮಲ್ಲಿಗೆಯೂ ಮುಡಿಸಿಬಿಡು!"

"ಮಲ್ಲಿಗೆ ಅದು ತಿಂತದೆ ಅಜ್ಜ," ಎಂದು ವಿಸ್ಮಿತಾ ಬಿದ್ದು ಬಿದ್ದು ನಕ್ಕಿದ್ದಳು.

ರಾಧುವಿನ ನಡುಗುವ ಮೈಯನ್ನು ನೋಡಲಾಗದೆ ಪದ್ಮಾಕ್ಷಿ ಬಾಳೆಹಣ್ಣಿನೊಳಗೆ ಹತ್ತು ಜ್ವರದ ಮಾತ್ರೆ ಇಟ್ಟು ತಿನ್ನಿಸಿದ್ದಳು. ಮಗುವಿಗೆ ಜ್ವರ ಬಂದರೆ ಯಾವ ತಾಯಿ ಡಾಕ್ಟರ ದಾರಿ ಕಾಯುತ್ತಾ ಕೂರುತ್ತಾಳೆ?

ಡಾಕ್ಟ್ರು ಬಂದು ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರವೇ ಇಲ್ಲ. "ಹಾಗಾದರೆ ಸರ್ರಾ ಅಲ್ಲವೋ ಏನೋ. ಜ್ವರ ಇಲ್ಲದ ರಕ್ತ ನೋಡಿ ಪ್ರಯೋಜನ ಇಲ್ಲ," ಎಂದು, ಶಕ್ತಿಗೆ ಟಾನಿಕ್ ಬರೆದುಕೊಟ್ಟು ಹೋಗಿದ್ದರು.

ಇವತ್ತು ಸ್ನಾನ ಮಾಡಿಸುವ ಮಾತೇ ಇರಲಿಲ್ಲ. ಸೆಗಣಿಯಲ್ಲೇ ಬಿದ್ದಿದ್ದ ರಾಧುವಿನ ಪಕ್ಕ ಡಾಕ್ಟ್ರು ಮಂಡಿಯೂರಿದರು. ಜ್ವರ ನೂರಾ ಆರು ಡಿಗ್ರಿ. ಒಂದು ತೊಟ್ಟು ರಕ್ತ ಗಾಜಿನ ಮೇಲೆ ಬಿತ್ತು. ಮೈಕ್ರೋಸ್ಕೋಪಿಗೆ ಬಗ್ಗಿದವರು ತಲೆಯೆತ್ತಲಿಲ್ಲ.

"ಸಿಕ್ಕಿತು. ನೀವೂ ನೋಡಿ."

ಪದ್ಮಾಕ್ಷಿ ಕಣ್ಣಿಟ್ಟಳು. ನೆತ್ತರಿನ ಕಣಗಳನ್ನು ಆಚೀಚೆ ದೂಡುತ್ತಾ ನೂಲಿನೆಳೆಯಂಥ ಹುಳಗಳು ಚಡಪಡಿಸುತ್ತಿದ್ದವು. ಎಣಿಸಿ ಮುಗಿಯದಷ್ಟು. ತಿಂಗಳಿಂದ ಅವಳ ನಿದ್ದೆ ತಿಂದದ್ದು ಕಣ್ಣಿಗೆ ಕಾಣದ ಇಷ್ಟೇ ಇಷ್ಟು ಹುಳ.

"ಅವತ್ತು ಫೋನಿನಲ್ಲಿ ಮೈ ಸುಡ್ತದೆ ಅಂದಿರಿ. ನಾನು ಬರುವಾಗ ತಣ್ಣಗಿತ್ತು. ಏನಾದರೂ ಕೊಟ್ಟಿದ್ದಿರಾ ಅಕ್ಕ?"

ಪದ್ಮಾಕ್ಷಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. "ಮಾತ್ರೆ... ಹತ್ತು. ಮತ್ತೆ ತಣ್ಣೀರಿನಲ್ಲಿ ಮೀಯಿಸಿದ್ದು."

ನಸೀಬಾ ಮದ್ದಿನ ಪೆಟ್ಟಿಗೆ ತೆರೆದರು. "ಜ್ವರವೇ ನಮಗೆ ದಾರಿ ತೋರಿಸುವುದು. ಅದನ್ನು ಇಳಿಸಬೇಡಿ ಅಂತ ನಾನು ಬಾಯಿಬಿಟ್ಟು ಹೇಳಬೇಕಿತ್ತು. ಜ್ವರ ಇಲ್ಲದಿದ್ದರೂ ರಕ್ತ ನೋಡಬೇಕಿತ್ತು. ತಪ್ಪು ನನ್ನದೂ ಉಂಟು."

"ಈಗ?"

"ಮದ್ದು ಹಾಕ್ತೇನೆ. ಹನ್ನೆರಡು ದಿನದ ಹಿಂದೆ ಆಗಿದ್ದರೆ ಧೈರ್ಯ ಹೇಳ್ತಿದ್ದೆ. ಹುಳ ಮಿದುಳಿಗೆ ಹೋದ ಹಾಗೆ ಕಾಣ್ತದೆ. ಸಂಜೆಯೊಳಗೆ ಎದ್ದರೆ ಉಳೀತದೆ."

ಕೈಯಲ್ಲಿ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ ವಿಸ್ಮಿತಾಳನ್ನು ಯಾರೂ ಗಮನಿಸಲಿಲ್ಲ.

ಡಾಕ್ಟ್ರು ಮದ್ದು ಚುಚ್ಚಿ ಹೊರಟ ಮೇಲೆ, ಮಧ್ಯಾಹ್ನ ಹುಲ್ಲಿನ ಮೂಟೆ ಒತ್ತುಕೊಟ್ಟು, ಮಾವನೂ ಸೊಸೆಯೂ ಸೇರಿ ಎಮ್ಮೆಯನ್ನು ಎತ್ತಿ ಕೂರಿಸಿದರು. ಅದು ಮತ್ತೆ ವಾಲಿತು. ಮತ್ತೆ ಕೂರಿಸಿದರು. ಉಜಿರೆಯ ಹೋಟೆಲಿನಲ್ಲಿ ದೋಸೆ ಹೊಯ್ಯುವ ಗಂಡ ಧನರಾಜ್ ಮೂರು ಸಲ ಫೋನ್ ಮಾಡಿದ. ಮೂರು ಸಲವೂ ಪದ್ಮಾಕ್ಷಿ, "ಹಾಗೆಯೇ ಉಂಟು" ಎಂದಳು. ಇದ್ದ ದೈವಗಳಿಗೆಲ್ಲ ಹರಕೆ ಹೇಳಿ ಆಗಿತ್ತು. ಗಳಿಗೆಗೊಮ್ಮೆ ರಾಧುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕರು ಮಿಸುಕುತ್ತದೋ ಎಂದು ನೋಡುವಳು. ಬೆಳಿಗ್ಗೆ ಮಿಸುಕಿತ್ತು. ಮಧ್ಯಾಹ್ನವೂ ಒಮ್ಮೆ. ಆಮೇಲೆ ಇಲ್ಲ.

ವಿಸ್ಮಿತಾ ಶಾಲೆಗೆ ಹೋಗಲಿಲ್ಲ, ಉಣ್ಣಲಿಲ್ಲ, ಅಳಲೂ ಇಲ್ಲ. ಸೊಪ್ಪಿನ ಗೆಲ್ಲು ಹಿಡಿದು ನೊಣ ಓಡಿಸುತ್ತಾ ಕೂತಿದ್ದಳು. ಒಮ್ಮೆ ಒಣಗಿದ ಮೂತಿಗೆ ನೀರು ಹಚ್ಚಲು ಚೊಂಬು ಎತ್ತಿದವಳು, ಕೈ ಸುಟ್ಟ ಹಾಗೆ ಕೆಳಗಿಟ್ಟು, ಅದನ್ನು ಕಾಲಿನಿಂದ ದೂರ ತಳ್ಳಿದಳು.

ಪದ್ಮಾಕ್ಷಿ ಅದನ್ನು ನೋಡಿದಳು. ಮಗಳ ನಾಲಿಗೆಯ ತುದಿಯಲ್ಲಿ ಏನೋ ನಿಂತಿದೆ ಎಂದು ಬೆಳಗಿನಿಂದಲೂ ಅವಳಿಗೆ ಗೊತ್ತಿತ್ತು. ಹತ್ತಿರ ಎಳೆದುಕೊಂಡು, ಸೆಗಣಿಯಾದ ಪುಟ್ಟ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು. ಹಟ್ಟಿಯ ಹಂಚಿನ ಸಂದಿಯ ಸಂಜೆಬೆಳಕು ಗೋಡೆ ಬಿಟ್ಟು ಸೂರಿಗೆ ಏರಿತ್ತು. ರಾಧು ಇನ್ನೂ ಎದ್ದಿರಲಿಲ್ಲ.

"ಅಮ್ಮ," ಎಂದಳು ವಿಸ್ಮಿತಾ, ಎಮ್ಮೆಯ ಮೇಲಿಂದ ಕಣ್ಣು ತೆಗೆಯದೆ. "ಅವತ್ತು ನಾನು ಮೀಯಿಸಿದ್ದಕ್ಕೇ ರಾಧು ಹೀಗೆ ಆದದ್ದಾ?"