ಉಗುರಿಗಂಟಿದ ವಾಸನೆ

ಕಿತ್ತಳೆಯದೇ, ಡೀಸೆಲ್ ವಾಸನೆಯ ಸಂದಿಯಲ್ಲಿ, ಹಿಂದಿನ ಸೀಟಿನ ಹೆಂಗಸು ಮುಡಿದ ಸೇವಂತಿಗೆಯ ಸಂದಿಯಲ್ಲಿ ತೆಳ್ಳಗೆ ನುಸುಳಿ ಬಂದು ಮೂಗಿಗೆ ತಾಗಿದ್ದು ಕಿತ್ತಳೆಯದೇ, ಗೇರು ಬದಲಿಸಲು ಅವನ ಎಡಗೈ ಇತ್ತ ಬಂದಾಗ ಬರುತ್ತದೆ, ಕೈ ಸ್ಟೇರಿಂಗಿಗೆ ಹೋದರೆ ವಾಸನೆಯೂ ಹೋಗುತ್ತದೆ — ನೇತ್ರಾವತಿ ಡ್ರೈವರ್ ಪಕ್ಕದ ಉದ್ದ ಸೀಟಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುವವಳ ಹಾಗೆ ಕೂತಿದ್ದಾಳೆ, ಕಣ್ಣು ಹೊರಗೆ, ಮೂಗು ಗಂಡನ ಕೈ ಮೇಲೆ. ಚನ್ನಗಿರಿ ಬಿಟ್ಟು ಅರ್ಧ ಗಂಟೆ ಆಗಿಲ್ಲ, ಅಷ್ಟರಲ್ಲೇ ತಿಂದಾಯಿತೇ, ಟೈರು ನೋಡಿ ಬರ್ತೀನಿ ಅಂತ ಬಸ್ಸಿನ ಹಿಂದಕ್ಕೆ ಹೋದನಲ್ಲ ಆಗಲೇ ಇರಬೇಕು, ಮನೆಯಲ್ಲಿ ಮಾತ್ರ ರೊಟ್ಟಿ ಅರ್ಧಕ್ಕೇ ಬಿಟ್ಟು ಸಾಕು ಕಣೇ ಹೊತ್ತಾತು ಅಂದ, ಹೆಂಡತಿ ಸುಟ್ಟ ರೊಟ್ಟಿ ಸೇರುವುದಿಲ್ಲ, ಹೊನ್ನಾಳಿ ಬಸ್ ಸ್ಟ್ಯಾಂಡಿನ ದ್ಯಾಮಮ್ಮನ ಬುಟ್ಟಿಯ ಹಣ್ಣು ಸೇರುತ್ತದೆ. ಆ ದ್ಯಾಮಮ್ಮ ಹೇಗಿದ್ದಾಳೆ ಎಂದು ನೋಡಲೆಂದೇ ಇವತ್ತು ಹೊರಟಿದ್ದು, ಗಂಡನಿಗೆ ಹೇಳಿದ್ದು ಮಾತ್ರ ನ್ಯಾಮತಿಯಲ್ಲಿ ಚಿಕ್ಕಮ್ಮನಿಗೆ ಹುಷಾರಿಲ್ಲ ಅಂತ, ಅವನು ಒಂದು ಪ್ರಶ್ನೆ ಕೇಳದೆ ಬಾ, ನನ್ನ ಬಸ್ಸಿಗೇ ಬಾ, ಮುಂದೆ ಕೂರುವಂತೆ ಅಂದ, ಪ್ರಶ್ನೆ ಕೇಳದವನ ಹೊಟ್ಟೆಯಲ್ಲಿ ಏನೋ ಇರುತ್ತದೆ. ಮೊದಲ ಸಲ ಈ ವಾಸನೆ ಬಂದಾಗ ಅವನೇ ಬಾಯಿಬಿಟ್ಟಿದ್ದ, ನರ್ಸಮ್ಮ ಹೇಳ್ಯಾರೆ ನೇತ್ರಾ, ಇಡೀ ಹಣ್ಣು ದಿನಕ್ಕೊಂದು ತಿಂದ್ರೆ ಏನೂ ತೊಂದ್ರೆ ಇಲ್ಲ, ತೊಳೆ ನಾರು ಸಮೇತ ತಿನ್ನಬೇಕು, ಜ್ಯೂಸ್ ಮಾತ್ರ ಬ್ಯಾಡ ಅಂದಾರೆ, ಹೊನ್ನಾಳಿ ಸ್ಟ್ಯಾಂಡಿನಾಗೆ ದ್ಯಾಮಮ್ಮನ ಹತ್ರ ತಗಂತೀನಿ, ಅವಳಿಗೆ ನಗು ಬಂದಿತ್ತು, ಸಕ್ಕರೆ ಕಾಯಿಲೆಯವನಿಗೆ ಸಿಹಿ ಹಣ್ಣು ತಿನ್ನು ಅನ್ನುವ ನರ್ಸು ಯಾವ ಊರಿನವಳು, ನನ್ನ ಮುಂದೆ ಇಂಥ ಕತೆ ಕಟ್ಟಬ್ಯಾಡ್ರಿ ಅಂತ ಲೋಟ ಕುಕ್ಕಿದ್ದಳು, ಆಮೇಲೆ ಅವನು ಆ ಮಾತು ಎತ್ತಲಿಲ್ಲ, ಬದಲಿಗೆ ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಕೈ ತೊಳೆಯತೊಡಗಿದ, ಮೂವತ್ತು ವರ್ಷದ ಸಂಸಾರದಲ್ಲಿ ಯಾವತ್ತು ಸೋಪು ಹುಡುಕಿದ್ದ, ತೊಳೆದರೆ ಹೋಗುತ್ತದೆಯೇ, ಕಿತ್ತಳೆ ಸಿಪ್ಪೆಯ ಎಣ್ಣೆ ಉಗುರಿನ ಸಂದಿಗಿಳಿದರೆ ನಾಳೆಯವರೆಗೂ ಕೂತಿರುತ್ತದೆ, ಖಾಕಿ ಅಂಗಿಯ ಜೇಬಿನಲ್ಲಿ ಒಣಗಿದ ಸಿಪ್ಪೆಯೂ ಸಿಕ್ಕಿತ್ತು, ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದಳು.

ಅವ್ವನೂ ಹೀಗೇ, ಜಗಳೂರಿನ ಮನೆಯಲ್ಲಿ ಅವ್ವ ದುರುಗಮ್ಮ, ನಾನೇನೂ ತಿಂದಿಲ್ಲವ್ವ, ನಿನ್ನಾಣೆ ತಿಂದಿಲ್ಲ ಅನ್ನುತ್ತಲೇ ಬೆಲ್ಲದ ಚೂರನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು ಚೀಪುತ್ತಿದ್ದಳು, ಕಾಲ್ಬೆರಳು ಕಪ್ಪಗಾಯಿತು, ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ, ಕೊನೆಗೆ ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬು ಒಂದು ಕಡೆ ಸಪಾಟು, ಸತ್ತ ಮೇಲೆ ಗಂಟು ಬಿಚ್ಚಿದರೆ ಇರುವೆ, ಅವತ್ತೇ ಗೊತ್ತಾಗಿ ಹೋಯಿತು, ಈ ಕಾಯಿಲೆ ಬಂದವರ ನಾಲಿಗೆಯನ್ನು ನಂಬಬಾರದು, ಆಣೆ ಇಟ್ಟರಂತೂ ನಂಬಲೇಬಾರದು. ಗಂಡ ನಾಗರಾಜಪ್ಪನ ಕಾಲು ಹಾಗಾಗಬಾರದು, ಎಕ್ಸಲೇಟರ್ ಒತ್ತುವ ಕಾಲು ಅದು, ಬೈದರೆ ಕೇಳುವುದಿಲ್ಲ, ಕಾವಲು ಕಾಯಲು ಬಸ್ಸಿನೊಳಗೆ ಕೂರಲಾಗುವುದಿಲ್ಲ, ಹಾಗಾಗಿ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅವನದೇ ಸಕ್ಕರೆ ಇಳಿಸುವ ಮಾತ್ರೆಯನ್ನು ಬೇರೆಯಾಗಿ ತಂದಳು, ಡಬ್ಬಿಯಲ್ಲಿದ್ದದ್ದನ್ನು ಅವನು ತಾನೇ ನುಂಗುತ್ತಾನೆ, ಇದನ್ನು ಇವಳು ಅರ್ಧ ಪುಡಿ ಮಾಡಿ ಗುರೆಳ್ಳು ಚಟ್ನಿಗೆ ಬೆರೆಸುತ್ತಾಳೆ, ಕಳ್ಳತನದಲ್ಲಿ ತಿಂದದ್ದಕ್ಕೆ ಕಳ್ಳತನದ ಮದ್ದು, ಅದರಲ್ಲಿ ತಪ್ಪೇನು. ವಾಸನೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು, ಒಂದು ಜೇಬಿನಲ್ಲಿದ್ದ ಸಿಪ್ಪೆ ಎರಡು ಜೇಬಿಗೆ ಬಂತು, ಓಹೋ ಹಾಗಾದರೆ ಇನ್ನೂ ತಿನ್ನುತ್ತಾನೆ, ಅರ್ಧ ಹೋಗಿ ಒಂದಾಯಿತು, ನಿನ್ನೆ ಅವನ ಉಸಿರಲ್ಲೇ ಕಿತ್ತಳೆ, ಪಕ್ಕದಲ್ಲಿ ಮಲಗಿದವನ ಬಾಯಿಂದ, ಆ ದ್ಯಾಮಮ್ಮ ತೊಳೆ ಬಿಡಿಸಿ ಬಿಡಿಸಿ ಬಾಯಿಗಿಟ್ಟ ಚಿತ್ರ ಕಣ್ಣಿಗೆ ಕಟ್ಟಿ ನಿದ್ದೆ ಬರಲಿಲ್ಲ, ಇವತ್ತು ಬೆಳಿಗ್ಗೆ ಎರಡು ಹಾಕಿದಳು. ಚಟ್ನಿ ಪೂರ್ತಿ ಖಾಲಿ ಮಾಡಿದ, ರೊಟ್ಟಿ ಬಿಟ್ಟರೂ ಚಟ್ನಿ ಬಿಡಲಿಲ್ಲ, ತಟ್ಟೆ ನೋಡಿ ಅವಳಿಗೆ ಸಮಾಧಾನವಾಯಿತು.

ಈಗ ಅವನ ಕತ್ತಿನ ಹಿಂಭಾಗ ಒದ್ದೆ, ಬಿಸಿಲೇನೂ ಇಲ್ಲ, ಗಾಳಿ ಬೀಸುತ್ತಿದೆ, ಅಂಗಿಯ ಕಾಲರು ಯಾಕೆ ಹೀಗೆ ತೋಯ್ದಿದೆ, ಸಿಕ್ಕಿಬೀಳುತ್ತೇನೆಂಬ ಬೆವರು, ಹೊನ್ನಾಳಿ ಹತ್ತಿರ ಬಂತಲ್ಲ, ಹೆಂಡತಿಯ ಎದುರಿಗೆ ಹಣ್ಣಿನವಳು ಅಣ್ಣಾ ಅನ್ನುತ್ತಾಳೋ ಇನ್ನೇನು ಅನ್ನುತ್ತಾಳೋ ಎಂಬ ಬೆವರು — ಬಸ್ಸು ರಸ್ತೆಯ ಬಲಕ್ಕೆ ಎಳೆಯಿತು, ಎದುರಿನ ಲಾರಿ ಉದ್ದಕ್ಕೂ ಹಾರನ್ ಒತ್ತಿಕೊಂಡು ಹೋಯಿತು, ಹಿಂದೆ ಯಾರೋ ಏನ್ರೀ ಡ್ರೈವರೇ ಅಂದರು, ಅವನು ತಲೆ ಕೊಡವಿದ, ನಿದ್ದೆಯಲ್ಲಿ ನೊಣ ಓಡಿಸುವವನ ಹಾಗೆ, ಕಂಡಕ್ಟರ್ ಶರಣು ಟಿಕೆಟ್ ಬಿಟ್ಟು ಓಡಿ ಬಂದ, ನಲವತ್ತು ದಾಟಿದ ಗಂಭೀರ ಮನುಷ್ಯ, ಅಣ್ಣಾ ಪಕ್ಕಕ್ಕೆ ತಗೋರಿ, ಮತ್ತೆ ಬಂತಾ, ಪಕ್ಕಕ್ಕೆ ತಗೋರಿ ಅಂದ, ಮತ್ತೆ ಅಂದರೆ, ಮತ್ತೆ ಅಂದರೆ ಏನು. ಮುಂದೆ ಸೇತುವೆ ಕಾಣುತ್ತಿತ್ತು, ತುಂಗಭದ್ರೆಯ ಸೇತುವೆ, ಅದಕ್ಕೆ ಇನ್ನೊಂದು ಫರ್ಲಾಂಗ್ ಇರುವಾಗ ಬಸ್ಸು ಹೊಂಗೆ ಮರದ ಪಕ್ಕ ಕುಲುಕಿ ನಿಂತಿತು, ನಿಲ್ಲಿಸಿದ್ದು ಅವನೇ, ಹ್ಯಾಂಡ್ ಬ್ರೇಕ್ ಎಳೆದದ್ದೂ ಅವನೇ, ಅಷ್ಟಕ್ಕೆ ಅವನಲ್ಲಿದ್ದ ಶಕ್ತಿ ಮುಗಿಯಿತು, ಬೆಳ್ಳಗಾಗಿದ್ದ ಮುಖ ಇತ್ತ ತಿರುಗಿತು, ಅವಳನ್ನು ನೋಡಿತು, ಗುರುತು ಹಿಡಿಯಲಿಲ್ಲ. ಸೀಟಿನ ಕೆಳಗಿನ ಚೀಲದಿಂದ ಕಿತ್ತಳೆ ತೆಗೆದ, ಸಿಪ್ಪೆಗೆ ಹೆಬ್ಬೆರಳು ಊರಿದ, ಬೆರಳು ನಡುಗುತ್ತಿತ್ತು, ಉಗುರು ಸಿಪ್ಪೆಯ ಮೇಲೆ ಜಾರಿತು, ಮತ್ತೆ ಊರಿದ, ಮತ್ತೆ ಜಾರಿತು, ನಲವತ್ತು ಜನರ ಬಸ್ಸು ತಿರುಗಿಸುವ ಕೈಗೆ ಒಂದು ಹಣ್ಣಿನ ಸಿಪ್ಪೆ ಒಡೆಯಲಾಗುತ್ತಿಲ್ಲ. ಶರಣು ಹಣ್ಣು ಕಿತ್ತುಕೊಂಡು ಬದಿಗಿಟ್ಟ, ಇದು ಈಗ ಸಾಲಲ್ಲ ಅಕ್ಕ, ಸಕ್ಕರೆ ಬೇಕು ಅಂತ ತನ್ನ ಜೇಬಿನಿಂದ ಗ್ಲೂಕೋಸ್ ಪ್ಯಾಕೆಟ್ ಹರಿದು ನೀರಿನ ಬಾಟಲಿಗೆ ಸುರಿದ, ಕುಲುಕಿದ, ಗಂಡಸಿನ ಕೈ ಗಂಡಸಿನ ಗದ್ದ ಹಿಡಿಯಿತು, ಕುಡೀರಿ ಅಣ್ಣಾ, ಗುಟುಕು ಗುಟುಕಾಗಿ ಕುಡೀರಿ, ಅವಳು ನಿಂತೇ ಇದ್ದಳು, ಬ್ಯಾಗು ಎದೆಗೆ ಒತ್ತಿಕೊಂಡು, ಬ್ಯಾಗಿನ ಒಳಜೇಬಿನಲ್ಲಿ ಮಾತ್ರೆಯ ಪಟ್ಟಿ ಇತ್ತು.

ಜನ ಹಿಂದೆ ಬಂದ ಬಸ್ಸು ಹತ್ತಿ ಹೋದರು, ಶರಣು ಮಾಲೀಕರಿಗೆ ಫೋನು ಮಾಡಿ ಬೇರೆ ಡ್ರೈವರು ಕಳಿಸಿ ಅಂದ, ನಾಗರಾಜಪ್ಪ ಹೊಂಗೆಯ ಬೇರಿನ ಮೇಲೆ ಕೂತಿದ್ದಾನೆ, ಮುಖಕ್ಕೆ ಬಣ್ಣ ವಾಪಸು ಬರುತ್ತಿದೆ, ಎಷ್ಟು ಸಲ ಆಗೈತೆ ಹಿಂಗೆ ಎಂದು ಅವಳು ಶರಣುವನ್ನು ಕೇಳಿದಳು. ಹದಿನೈದು ದಿನದಿಂದ ಅಕ್ಕ, ಮೊದ್ಲು ಹಿಂಗಿರ್ಲಿಲ್ಲ, ದ್ಯಾಮಮ್ಮನ ಹತ್ರ ದಿನಾ ಒಂದು ಹಣ್ಣು ತಗಳಾರು, ಆ ಯಮ್ಮಂಗೂ ಇದೇ ಕಾಯ್ಲೆ, ಇಬ್ರೂ ನಿಂತು ಸಕ್ಕರೆ ಎಷ್ಟು ಬಂತು ಅಂತ ಮಾತಾಡ್ಕಂತಾರೆ, ಈಗ ಕೈ ನಡುಗಾಕೆ ಶುರುವಾದ್ರೆ ಮೂರು ನಾಕು ಹಣ್ಣು ತಿಂತಾರೆ, ತಿಂದ್ರೆ ಸ್ವಲ್ಪ ಸುಧಾರಿಸ್ತೈತೆ ಅಂತಾರೆ. ಹದಿನೈದು ದಿನ, ಅರ್ಧ ಮಾತ್ರೆ ಶುರುವಾದದ್ದು ಹೋದ ಅಮಾವಾಸ್ಯೆಯ ಮಾರನೇ ದಿನ, ನಡುಕಕ್ಕೆ ಹಣ್ಣು, ಹಣ್ಣಿನ ವಾಸನೆಗೆ ಮಾತ್ರೆ, ಮಾತ್ರೆಗೆ ಮತ್ತೆ ನಡುಕ — ಅವನು ತಿಂದದ್ದು ಕಳ್ಳತನದಲ್ಲಲ್ಲ, ಅವಳು ಚಟ್ನಿಯಲ್ಲಿ ಕಸಿದುಕೊಂಡದ್ದನ್ನು ಕಿತ್ತಳೆಯಲ್ಲಿ ಹುಡುಕುತ್ತಿದ್ದ. ಹೇಳಬೇಕಾಗಿಲ್ಲ, ಪಟ್ಟಿಯನ್ನು ಹೊಳೆಗೆ ಎಸೆದರೆ ಮುಗಿಯಿತು, ನಾಳೆಯಿಂದ ಹಾಕದಿದ್ದರೆ ತಾನಾಗೇ ಹುಷಾರಾಗುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ. ಆಗ ಅವನು ಅಂದ, ನೇತ್ರಾ, ನಿನಗೆ ಹೇಳಿರ್ಲಿಲ್ಲ, ಹೆದರ್ಕಂತೀಯ ಅಂತ, ಒಂದನೇ ತಾರೀಖಿಂದ ಡ್ರೈವರ್ ಕೆಲ್ಸ ಬಿಡ್ತೀನಿ ಅಂತ ಮಾಲೀಕರಿಗೆ ಹೇಳೀನಿ, ನನ್ನ ಮೈ ನನಗೇ ನಂಬಿಕೆ ಇಲ್ಲ, ನಲವತ್ತು ಜನ ಕೂತಿರ್ತಾರೆ. ಅವಳ ಬಾಯಿ ತೆರೆಯಿತು, ಮೈ ಅಲ್ಲ ಕಣ್ರೀ, ನಾನು, ಮಾತ್ರೆ ನಾನು ಹಾಕಿದ್ದು, ಚಟ್ನಿಯಾಗೆ, ನೀವು ಕದ್ದು ತಿಂತೀರಿ ಅಂತ. ಶರಣು ಅಲ್ಲಿಂದ ಎದ್ದು ಬಸ್ಸಿನ ಕಡೆ ಹೋದ. ನಾಗರಾಜಪ್ಪ ಬೈಯುತ್ತಾನೆ ಎಂದು ಕಾದಳು, ಬೈದಿದ್ದರೆ ಉಸಿರಾಡಬಹುದಿತ್ತು, ಇವತ್ತು ಎಷ್ಟು ಹಾಕಿದ್ದೆ ಅಂದ, ಎರಡು ಅಂದಳು, ಹಂಗಾದ್ರೆ ಸಕ್ಕರೆ ಮತ್ತೆ ಇಳೀತೈತೆ, ಆಸ್ಪತ್ರೆಗೆ ಹೋಗಣ, ಪಟ್ಟಿ ತಂದೀಯಾ, ಡಾಕ್ಟರಿಗೆ ನೀನೇ ಹೇಳು ಅಂದ, ಆಮೇಲೆ, ಅವಳ ಕಡೆ ನೋಡದೆ, ಚಟ್ನಿ ಒಂದೀಟು ಕಹಿ ಬರ್ತಿತ್ತು, ಹೇಳಿದ್ರೆ ಬೇಜಾರಾಗ್ತೀಯ ಅಂತ ದಿನಾ ಪೂರ್ತಿ ತಿಂತಿದ್ದೆ. ಆಟೋ ಬಂತು, ಹತ್ತಿದರು, ಸೇತುವೆಯ ಮೇಲೆ ಗಾಳಿ, ಕೆಳಗೆ ಹೊಳೆ, ಅವನು ಅತ್ತ ತುದಿಗೆ ಇವಳು ಇತ್ತ ತುದಿಗೆ, ನಡುವೆ ಒಬ್ಬರು ಕೂರುವಷ್ಟು ಜಾಗ, ಡಾಕ್ಟರು ಕೇಳುತ್ತಾರೆ, ಯಾಕಮ್ಮ ಹಾಕಿದೆ ಅನ್ನುತ್ತಾರೆ, ಹೇಳುತ್ತಾಳೆ, ಅವ್ವನ ಕಾಲಿನಿಂದ ಶುರು ಮಾಡಬೇಕು, ಇಲ್ಲ, ವಾಸನೆಯಿಂದ, ಇಲ್ಲ, ಎಲ್ಲಿಂದ ಶುರು ಮಾಡಿದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ, ಅವಳನ್ನು ಗುರುತಿಸದ ಕಣ್ಣಿಗೆ, ಅದರ ಕೆಳಗೆ ಆ ಹೆಬ್ಬೆರಳಿಗೆ, ಉಗುರು ಸಿಪ್ಪೆಯ ಮೇಲೆ ಊರುತ್ತದೆ, ಜಾರುತ್ತದೆ, ಊರುತ್ತದೆ, ಜಾರುತ್ತದೆ